ಉತ್ತರಕ್ಕೆ ತಕ್ಕ ಅಳತೆ: ಹವ್ಯಾಸಿ ಸಿ.ಎನ್.ಸಿ. ಯಂತ್ರದ ಕ್ಯಾಲಿಬ್ರೇಷನ್ ಪದ್ಧತಿ – ಒಂದು ವಿಮರ್ಶೆ

ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ 980 ಬರುವಂತೆ ಮೊದಲೇ ಲೆಕ್ಕ ಹಾಕಿಕೊಂಡು, ಆಮೇಲೆ ಕೋಷ್ಟಕವನ್ನು ತುಂಬುವ ವಿದ್ಯಾರ್ಥಿಗಳನ್ನು ಕಾಣದ ಭೌತಶಾಸ್ತ್ರ ಅಧ್ಯಾಪಕರು ಇರಲಾರರು. ನಾವು ಅದನ್ನು ಕಳ್ಳಲೆಕ್ಕವೆಂದು ಕರೆಯುತ್ತೇವೆ, ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇವೆ. ಆದರೆ ಸರಿಸುಮಾರು ಅದೇ ಕೆಲಸವನ್ನು ಗಣಕ ನಿಯಂತ್ರಿತ ಯಂತ್ರದ ಮೇಲೆ ಮಾಡಿದಾಗ ಅದಕ್ಕೆ ‘ಕ್ಯಾಲಿಬ್ರೇಷನ್’ ಎಂಬ ಗೌರವದ ಹೆಸರು ಸಿಗುತ್ತದೆ. ಮಾಪನಾಂಕ ನಿರ್ಣಯ ಎಂದು ನಾವು ತರಗತಿಯಲ್ಲಿ ಕಲಿಸುವ ಕ್ರಮಕ್ಕೂ ಇದಕ್ಕೂ ಎಷ್ಟು ಸಂಬಂಧವಿದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಈ ಪ್ರಶ್ನೆ ಈಗ ಕಾರ್ಖಾನೆಯವರದ್ದಷ್ಟೇ ಅಲ್ಲ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯಿಂದಾಗಿ ಶಾಲೆಗಳಿಗೆ ತ್ರಿ-ಆಯಾಮ ಮುದ್ರಕಗಳು ಬಂದವು. ಅದೇ ತತ್ತ್ವದ ಮೇಲೆ ನಡೆಯುವ ಪುಟ್ಟ ಕೆತ್ತನೆ ಯಂತ್ರಗಳನ್ನು ಕಾಲೇಜುಗಳೂ ಹವ್ಯಾಸಿಗಳೂ ಕೊಳ್ಳುತ್ತಿದ್ದಾರೆ. ‘3018’ ಎಂಬ ಹೆಸರಿನ, ಸುಮಾರು 300 ಮಿ.ಮೀ. ಉದ್ದ, 180 ಮಿ.ಮೀ. ಅಗಲ ಕೆಲಸ ಮಾಡಬಲ್ಲ ಮಾದರಿ ಇವುಗಳಲ್ಲಿ ಹೆಚ್ಚು ಪರಿಚಿತ. ನಾನಿರುವ ಹೊಳೆಆಲೂರು ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿನ ಊರು. ಇಲ್ಲಿ ಇಂಥ ಯಂತ್ರ ತಪ್ಪು ಅಳತೆ ಕೊಡತೊಡಗಿದರೆ ದುರಸ್ತಿಯವರನ್ನು ಕರೆಸುವುದು ಸುಲಭವಲ್ಲ. ಒಂದು ಡಯಲ್ ಗೇಜ್ ಬೇಕೆಂದರೂ ಗದಗಕ್ಕೋ ಹುಬ್ಬಳ್ಳಿಗೋ ಹೋಗಬೇಕು. ಆದ್ದರಿಂದ ಅಧ್ಯಾಪಕರೂ ವಿದ್ಯಾರ್ಥಿಗಳೂ ಎಲ್ಲೆಡೆ ಪ್ರಚಲಿತವಾಗಿರುವ ಒಂದು ಸೂತ್ರಕ್ಕೆ ಮೊರೆ ಹೋಗುತ್ತಾರೆ. ಸೂತ್ರ ಫಲಿಸದಿದ್ದರೆ ಯಂತ್ರಕ್ಕೆ ಬಟ್ಟೆ ಹೊದಿಸಿ ಕಪಾಟಿನಲ್ಲಿಡುತ್ತಾರೆ.

ಎಣಿಕೆಯ ಸಂಖ್ಯೆ, ಅಳತೆಯ ಸಂಖ್ಯೆ

ಯಂತ್ರದ ರಚನೆ ಸರಳ. ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಚಾಲಕ ಮಂಡಲ ಪ್ರತಿ ಹೆಜ್ಜೆಯನ್ನು 16 ಕಿರುಹೆಜ್ಜೆಗಳಾಗಿ ಒಡೆಯುತ್ತದೆ. ಮೋಟಾರಿಗೆ ಜೋಡಿಸಿದ ಲೀಡ್ ಸ್ಕ್ರೂ ಒಂದು ಸುತ್ತು ತಿರುಗಿದರೆ ನಟ್ಟು 4 ಮಿ.ಮೀ. ಮುಂದೆ ಸರಿಯುತ್ತದೆ. ಅಂದರೆ 200 × 16 ÷ 4 = 800; ಒಂದು ಮಿ.ಮೀ. ಸರಿಯಲು 800 ಮಿಡಿತಗಳು ಬೇಕು. ಈ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ‘ಗರ್ಬಲ್’ ಎಂಬ ಫರ್ಮ್‌ವೇರ್‌ನಲ್ಲಿ ಮೂರು ಅಕ್ಷಗಳ ಈ ಸಂಖ್ಯೆಗಳು $100, $101, $102 ಎಂಬ ಸಾಲುಗಳಲ್ಲಿ ಇರುತ್ತವೆ.

800 ಎಂಬುದು ಎಣಿಕೆಯಿಂದ ಮತ್ತು ಸ್ಕ್ರೂವಿನ ರಚನೆಯಿಂದ ಬಂದ ಸಂಖ್ಯೆ ಎಂಬುದನ್ನು ಗಮನಿಸಿ. ಇದನ್ನು ಬದಲಿಸಬೇಕಾದರೆ ಸ್ಕ್ರೂ ತಾನು ಹೇಳಿಕೊಳ್ಳುವಷ್ಟು ಸರಿಯುವುದಿಲ್ಲ ಎಂಬುದಕ್ಕೆ ಸಾಕ್ಷ್ಯ ಬೇಕು.

ಪ್ರಚಲಿತ ಸೂತ್ರ ಹೀಗಿದೆ: ಯಂತ್ರಕ್ಕೆ 10 ಮಿ.ಮೀ. ಸರಿಯಲು ಹೇಳಿ, ಎಷ್ಟು ಸರಿಯಿತೆಂದು ಅಳೆಯಿರಿ. ಹಳೆಯ ಸಂಖ್ಯೆಯನ್ನು 10ರಿಂದ ಗುಣಿಸಿ, ಅಳೆದದ್ದರಿಂದ ಭಾಗಿಸಿ. ಬಂದದ್ದನ್ನು ಫರ್ಮ್‌ವೇರ್‌ಗೆ ತುಂಬಿರಿ. ಉದಾಹರಣೆಗೆ 9.82 ಮಿ.ಮೀ. ಸಿಕ್ಕಿತೆನ್ನೋಣ. ಹೊಸ ಸಂಖ್ಯೆ 800 × 10 ÷ 9.82 = 814.66. ಅದನ್ನು ತುಂಬಿ ಮತ್ತೆ ಅಳೆದರೆ ಸರಿಯಾಗಿ 10 ಮಿ.ಮೀ. ಬರುತ್ತದೆ. ಎಲ್ಲರಿಗೂ ಸಂತೋಷ.

ಈಗ ಅದೇ ಯಂತ್ರಕ್ಕೆ 100 ಮಿ.ಮೀ. ಸರಿಯಲು ಹೇಳಿ. ಕೊರತೆಯಾಗಿದ್ದ 0.18 ಮಿ.ಮೀ.ಗೆ ಕಾರಣ ನಟ್ಟಿನ ಸಡಿಲವಾಗಿದ್ದರೆ, ಯಂತ್ರ ಕಳಿಸುವ 81,466 ಮಿಡಿತಗಳಿಗೆ ಸ್ಕ್ರೂ 101.83 ಮಿ.ಮೀ. ಚಲನೆ ಕೊಡುತ್ತದೆ, ಅದರಲ್ಲಿ 0.18 ಸಡಿಲಿಗೆ ಹೋಗಿ 101.65 ಮಿ.ಮೀ. ಉಳಿಯುತ್ತದೆ. ಮುಟ್ಟದೆ ಬಿಟ್ಟಿದ್ದರೆ 99.82 ಬರುತ್ತಿತ್ತು. 0.18ರ ದೋಷವನ್ನು ‘ಸರಿಪಡಿಸಿ’ 1.65ರ ದೋಷವನ್ನು ಕೊಂಡಂತಾಯಿತು! ಪರೀಕ್ಷಿಸಿದ ಒಂದು ಅಳತೆಯಲ್ಲಿ ಮಾತ್ರ ಯಂತ್ರ ಸತ್ಯ ಹೇಳುತ್ತದೆ.

ತಕ್ಕಡಿಯ ಎರಡು ದೋಷಗಳು

ಸಂತೆಯ ತಕ್ಕಡಿಯನ್ನು ನೆನಪಿಸಿಕೊಳ್ಳಿ. ಒಂದು ತಟ್ಟೆ ಸ್ವಲ್ಪ ಭಾರವಾಗಿದ್ದರೆ ಇನ್ನೊಂದಕ್ಕೆ ಹರಳು ಕಟ್ಟಿ ಸರಿಮಾಡಬಹುದು. ಆ ದೋಷ ಕಾಲು ಕಿಲೋ ತೂಗಿದರೂ ಅಷ್ಟೇ, ಐದು ಕಿಲೋ ತೂಗಿದರೂ ಅಷ್ಟೇ. ಆದರೆ ತಕ್ಕಡಿಯ ತೋಳುಗಳೇ ಅಸಮವಾಗಿದ್ದರೆ ದೋಷ ತೂಕದೊಡನೆ ಬೆಳೆಯುತ್ತದೆ. ಹರಳಿನಿಂದ ಅದು ಹೋಗುವುದಿಲ್ಲ. ಮೊದಲನೆಯದು ಸ್ಥಿರ ದೋಷ, ಎರಡನೆಯದು ಅನುಪಾತದ ದೋಷ. ನಟ್ಟಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಷ್, ಮೊದಲ ಜಾತಿಗೆ ಸೇರಿದ್ದು. ಪ್ರಚಲಿತ ಸೂತ್ರ ಎಲ್ಲ ದೋಷವನ್ನೂ ಎರಡನೆಯ ಜಾತಿಯೆಂದು ನಂಬಿ ನಡೆಯುತ್ತದೆ. ಒಂದೇ ಒಂದು ಅಳತೆಯಿಂದ ಈ ಎರಡನ್ನು ಬೇರ್ಪಡಿಸಲು ಸಾಧ್ಯವಿಲ್ಲ ಎಂಬುದು ಈ ಸೂತ್ರದ ಮೂಲಭೂತ ಕೊರತೆ.

‘ಬಿಸಿಲಿಗೆ ಸ್ಕ್ರೂ ಹಿಗ್ಗಿರಬೇಕು’ ಎಂಬ ಸಮಾಧಾನವೂ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿ. ಉಕ್ಕಿನ ರೇಖೀಯ ವ್ಯಾಕೋಚನ ಗುಣಾಂಕ ಡಿಗ್ರಿಗೆ ಸುಮಾರು ಹತ್ತು ಲಕ್ಷಕ್ಕೆ 12 ಪಾಲು. ತಾಪ 15 ಡಿಗ್ರಿ ಏರಿದರೆ 100 ಮಿ.ಮೀ. ಉಕ್ಕು ಹಿಗ್ಗುವುದು 0.018 ಮಿ.ಮೀ. ಮಾತ್ರ. 10 ಮಿ.ಮೀ.ನಲ್ಲಿ 0.18 ವ್ಯತ್ಯಾಸ ಬರಬೇಕಾದರೆ ತಾಪ 1500 ಡಿಗ್ರಿ ಬದಲಾಗಬೇಕು. ಅಷ್ಟರಲ್ಲಿ ಸ್ಕ್ರೂ ಕರಗಿಯೇ ಹೋಗಿರುತ್ತದೆ. ಅಲ್ಲದೆ ಸ್ಕ್ರೂ ಹಿಗ್ಗಿದರೆ ಚಲನೆ ಹೆಚ್ಚಾಗಬೇಕೇ ಹೊರತು ಕಡಿಮೆಯಾಗಬಾರದು.

814.66 ಎಂದು ಐದು ಅಂಕಿಗಳನ್ನು ಬರೆಯುವುದೂ ಆಕ್ಷೇಪಾರ್ಹ. ವರ್ನಿಯರ್ ಕ್ಯಾಲಿಪರ್ಸ್‌ನ ಕನಿಷ್ಠ ಅಳತೆ 0.02 ಮಿ.ಮೀ. ಇದ್ದರೆ 10 ಮಿ.ಮೀ.ನ ಅಳತೆಯಲ್ಲಿ ಅನಿಶ್ಚಿತತೆ ಸಾವಿರಕ್ಕೆ ಎರಡು ಪಾಲು, ಅಂದರೆ 800ರಲ್ಲಿ 1.6 ಮಿಡಿತ. ಶಾಲೆಯ 0.1 ಮಿ.ಮೀ. ವರ್ನಿಯರ್ ಆದರೆ 8 ಮಿಡಿತ. ಹೀಗಿರುವಾಗ ದಶಮಾಂಶದ ನಂತರದ 66ಕ್ಕೆ ಅರ್ಥವೇನು? ಪ್ರಾಯೋಗಿಕ ಪರೀಕ್ಷೆಯಲ್ಲಿ ಸಾರ್ಥಕ ಅಂಕಿಗಳ ಬಗ್ಗೆ ಅಂಕ ಕಳೆಯುವ ನಾವು ಇಲ್ಲಿ ಮೌನವಾಗಿರುವುದು ಸರಿಯಲ್ಲ.

ನಮ್ಮ ಪ್ರಯೋಗಾಲಯದಲ್ಲೇ ಇರುವ ಉಪಾಯ

ಸೂತ್ರ ಎಲ್ಲೆಡೆ ತಪ್ಪೆಂದು ನನ್ನ ವಾದವಲ್ಲ. ಮುದ್ರಕದಲ್ಲಿ ಪ್ಲಾಸ್ಟಿಕ್ ತಂತಿಯನ್ನು ತಳ್ಳುವ ಹಲ್ಲುಗಾಲಿಯ ಪರಿಣಾಮಕಾರಿ ವ್ಯಾಸವನ್ನು ಎಣಿಕೆಯಿಂದ ತಿಳಿಯಲಾಗದು. ಅಲ್ಲಿ ಅಳೆದೇ ಸಂಖ್ಯೆ ನಿರ್ಧರಿಸಬೇಕು. ಬೆಲ್ಟಿನ ಚಾಲನೆಯಲ್ಲೂ ಸಣ್ಣ ತಿದ್ದುಪಡಿ ಬೇಕಾಗಬಹುದು. ಅಳೆಯುವ ಕ್ರಮ ಮಾತ್ರ ಬದಲಾಗಬೇಕು.

ಚಲಿಸುವ ಸೂಕ್ಷ್ಮದರ್ಶಕ ಪದವಿ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಹೊಸದಲ್ಲ. ಅದರ ಕನಿಷ್ಠ ಅಳತೆ 0.01 ಮಿ.ಮೀ. ಒಂದು ಅಕ್ರಿಲಿಕ್ ಹಾಳೆಯನ್ನು ಯಂತ್ರಕ್ಕೆ ಬಿಗಿದು, ಮೊನಚು ಬಿಟ್‌ನಿಂದ 0, 10, 20, 50, 100, 150 ಮಿ.ಮೀ. ಸ್ಥಾನಗಳಲ್ಲಿ ತೆಳು ಗೆರೆಗಳನ್ನು ಎಳೆಯಿರಿ. ಪ್ರತಿ ಸ್ಥಾನಕ್ಕೂ ಎಡಗಡೆಯಿಂದಲೇ ಬರಬೇಕು. ಸ್ವಲ್ಪ ಕೆಳಗೆ ಅದೇ ಸ್ಥಾನಗಳಲ್ಲಿ ಎರಡನೆಯ ಸಾಲು ಎಳೆಯಿರಿ. ಈ ಸಲ ಪ್ರತಿ ಸ್ಥಾನವನ್ನೂ ದಾಟಿ ಹೋಗಿ ಬಲಗಡೆಯಿಂದ ಬರಬೇಕು. ಹಾಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರ ತಿರುಪನ್ನು ಒಂದೇ ದಿಕ್ಕಿನಲ್ಲಿ ತಿರುಗಿಸುತ್ತಾ ಎಲ್ಲ ಗೆರೆಗಳನ್ನು ಓದಿಕೊಳ್ಳಿ. ಒಂದೇ ದಿಕ್ಕಿನಲ್ಲಿ ಏಕೆ ಎಂಬುದನ್ನು ನೀವೇ ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹೇಳಿದ್ದೀರಿ. ಸೂಕ್ಷ್ಮದರ್ಶಕದ ತಿರುಪಿಗೂ ಯಂತ್ರದ ತಿರುಪಿಗೂ ಕಾಯಿಲೆ ಒಂದೇ.

ಆದೇಶಿಸಿದ ಸ್ಥಾನವನ್ನು ಅಡ್ಡ ಅಕ್ಷದಲ್ಲೂ ಅಳೆದ ಸ್ಥಾನವನ್ನು ಲಂಬ ಅಕ್ಷದಲ್ಲೂ ಗುರುತಿಸಿ ನಕ್ಷೆ ಬರೆಯಿರಿ. ಎರಡು ಸಮಾಂತರ ಸರಳರೇಖೆಗಳು ಸಿಗುತ್ತವೆ. ಅವುಗಳ ಇಳಿಜಾರು ಅನುಪಾತದ ದೋಷವನ್ನು ಹೇಳುತ್ತದೆ. ಅವುಗಳ ನಡುವಿನ ಲಂಬ ಅಂತರವೇ ಬ್ಯಾಕ್‌ಲ್ಯಾಷ್. 150 ಮಿ.ಮೀ. ಉದ್ದದ ಮೇಲೆ ಇಳಿಜಾರಿನ ಅನಿಶ್ಚಿತತೆ ಹತ್ತು ಸಾವಿರಕ್ಕೆ ಒಂದೆರಡು ಪಾಲಿಗೆ ಇಳಿಯುತ್ತದೆ. ಈ ಮಿತಿಯೊಳಗೆ ಇಳಿಜಾರು 1 ಆಗಿದ್ದರೆ 800ನ್ನು ಮುಟ್ಟುವ ಅಧಿಕಾರ ಯಾರಿಗೂ ಇಲ್ಲ. ಬದಲಾಗಬೇಕಾದದ್ದು ನಟ್ಟು, ಅದರ ಸ್ಪ್ರಿಂಗ್, ಮೋಟಾರನ್ನೂ ಸ್ಕ್ರೂವನ್ನೂ ಕೂಡಿಸುವ ಜೋಡಣೆಯ ತಿರುಪುಗಳು. ಎರಡು ರೇಖೆಗಳ ಅಂತರ ಒಂದೊಂದು ಕಡೆ ಒಂದೊಂದು ಬಗೆಯಾಗಿದ್ದರೆ ಸ್ಕ್ರೂ ಅಥವಾ ನಟ್ಟು ಸವೆದಿರಬಹುದು. ಕೈಗಾರಿಕೆಯಲ್ಲಿ ಲೇಸರ್ ಇಂಟರ್‌ಫೆರೋಮೀಟರ್ ಬಳಸಿ ಮಾಡುವ ಪರೀಕ್ಷೆಯ ತಿರುಳೂ ಇದೇ: ಹಲವು ಸ್ಥಾನಗಳು, ಎರಡೂ ದಿಕ್ಕುಗಳು, ಹಲವು ಪುನರಾವರ್ತನೆಗಳು. ಉಪಕರಣ ದುಬಾರಿಯದು, ತರ್ಕ ನಮ್ಮದೇ.

ಸಂಖ್ಯೆಯಿಂದ ಎಂದೂ ಸರಿಹೋಗದ ಇನ್ನೊಂದು ದೋಷವಿದೆ: ಅಕ್ಷಗಳು ಲಂಬವಾಗಿಲ್ಲದಿರುವುದು. ಗೌಂಡಿಗಳು ಪಾಯ ಹಾಕುವಾಗ 3-4-5ರ ದಾರ ಹಿಡಿಯುತ್ತಾರಲ್ಲ, ಅದನ್ನೇ ಮಾಡಿ. 160 ಮತ್ತು 120 ಮಿ.ಮೀ. ಬಾಹುಗಳ ಆಯತ ಕೆತ್ತಿಸಿ ಎರಡೂ ಕರ್ಣಗಳನ್ನು ಅಳೆಯಿರಿ. ಎರಡೂ 200 ಬರಬೇಕು. ಕೋನ ಅರ್ಧ ಡಿಗ್ರಿ ತಪ್ಪಿದ್ದರೆ ಒಂದು ಕರ್ಣ 200.8, ಇನ್ನೊಂದು 199.2ರ ಆಸುಪಾಸು ಬರುತ್ತದೆ. ಇದಕ್ಕೆ ಮದ್ದು ಚೌಕಟ್ಟಿನ ಬೋಲ್ಟುಗಳಲ್ಲಿದೆ.

ಫರ್ಮ್‌ವೇರ್ ಮರುತುಂಬುವ ಚಟ

ಎರಡನೆಯ ಪ್ರಚಲಿತ ಮದ್ದು, ಏನೇ ತೊಂದರೆಯಾದರೂ ಫರ್ಮ್‌ವೇರ್ ಅಳಿಸಿ ಹೊಸದಾಗಿ ತುಂಬುವುದು. ಗರ್ಬಲ್ ತಂತ್ರಾಂಶವನ್ನು 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರೂಡ್ ಆರಂಭಿಸಿದರು. ಅನಂತರ ಸುಂಗ್‌ಯೂನ್ ಜಿಯೋನ್ ಬೆಳೆಸಿದರು. 32 ಕಿಲೋಬೈಟ್ ಸ್ಮೃತಿಯ ಆರ್ಡುಯಿನೋ ಊನೋ ಫಲಕದೊಳಗೆ ಇಷ್ಟು ಕೆಲಸ ಅಡಗಿಸಿದ್ದು ಮೆಚ್ಚತಕ್ಕದ್ದು. ಅದಕ್ಕಿಂತ ಮೆಚ್ಚಬೇಕಾದದ್ದು ಅದರ ಮುಕ್ತತೆ: $$ ಎಂದು ಕಳಿಸಿದರೆ ತನ್ನ ಮೂವತ್ತಕ್ಕೂ ಹೆಚ್ಚು ನಿಯತಾಂಕಗಳನ್ನು ಅದು ಸಾಲಾಗಿ ಒಪ್ಪಿಸುತ್ತದೆ. ಅದಕ್ಕೆ ಮಿತಿಗಳೂ ಇವೆ. ಮೂಲ ಗರ್ಬಲ್‌ನಲ್ಲಿ ಬ್ಯಾಕ್‌ಲ್ಯಾಷ್ ತುಂಬಿಕೊಡುವ ಏರ್ಪಾಡಿಲ್ಲ. ಓರೆಯಾದ ಅಕ್ಷವನ್ನು ಸರಿದೂಗಿಸುವುದೂ ಇಲ್ಲ. ಮೋಟಾರು ನಿಜವಾಗಿ ತಿರುಗಿತೇ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಮಿಡಿತ ಕಳಿಸಿ ಕೈತೊಳೆದುಕೊಳ್ಳುತ್ತದೆ.

ಹೀಗಾಗಿ ಮರುತುಂಬುವುದರಿಂದ ಯಾಂತ್ರಿಕ ದೋಷವೊಂದೂ ಹೋಗದು. ಬದಲಾಗಿ ಹೊಸ ಆವೃತ್ತಿಯು ಹಳೆಯ ನಿಯತಾಂಕಗಳ ದಾಖಲೆಯನ್ನು ಗುರುತಿಸದಿದ್ದರೆ ಪೂರ್ವನಿಗದಿತ ಮೌಲ್ಯಗಳನ್ನು ತುಂಬಿಕೊಳ್ಳುತ್ತದೆ. ಸಾಮಾನ್ಯ ಪೂರ್ವನಿಗದಿತ ಸಂಖ್ಯೆ ಮಿ.ಮೀ.ಗೆ 250. ಆಗ 800 ಬೇಕಾದ ಯಂತ್ರ 100 ಮಿ.ಮೀ. ಬದಲು 31.25 ಮಿ.ಮೀ. ಸರಿಯುತ್ತದೆ! ಹಳೆಯ ದೋಷದ ಕುರುಹು ಅಳಿದು ಹೊಸ ದೋಷ ಸೇರುತ್ತದೆ.

ಮೂರನೆಯ ಮದ್ದು, ನಿಖರತೆಗಾಗಿ ಕಿರುಹೆಜ್ಜೆಗಳನ್ನು 16ರಿಂದ 32ಕ್ಕೆ ಏರಿಸುವುದು. ಕಾಗದದ ಮೇಲೆ ಒಂದು ಮಿಡಿತಕ್ಕೆ 1.25 ಮೈಕ್ರಾನ್ ಇದ್ದದ್ದು ಅದರ ಅರ್ಧವಾಗುತ್ತದೆ. ಆದರೆ 0.18 ಮಿ.ಮೀ. ಸಡಿಲ ಹಾಗೆಯೇ ಉಳಿದಿರುತ್ತದೆ. ಗರ್ಬಲ್ ಸೆಕೆಂಡಿಗೆ ಸುಮಾರು 30,000 ಮಿಡಿತಗಳನ್ನಷ್ಟೇ ಕಳಿಸಬಲ್ಲದು. ಆದ್ದರಿಂದ ಗರಿಷ್ಠ ವೇಗ ನಿಮಿಷಕ್ಕೆ 2250ರಿಂದ 1125 ಮಿ.ಮೀ.ಗೆ ಇಳಿಯುತ್ತದೆ. ವಿಭೇದನ ಬೇರೆ, ನಿಖರತೆ ಬೇರೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ದೋಷವನ್ನು ಪ್ರಶ್ನಿಸುವ ಕ್ರಮ

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ದೋಷ ಸೇರುತ್ತಾ ಹೋಗುತ್ತದೆಯೇ ಎಂದು ಮೊದಲು ಕೇಳಿ. ಯಂತ್ರವನ್ನು ಹತ್ತು ಬಾರಿ ಹೋಗಿ ಬರುವಂತೆ ಮಾಡಿ, ಪ್ರತಿ ಸಲವೂ ಮೂಲಸ್ಥಾನವನ್ನು ಪರೀಕ್ಷಿಸಿ. ತಪ್ಪು ಪ್ರತಿ ಸಲ ಅಷ್ಟೇ ಇದ್ದರೆ ಅದು ಸಡಿಲ. ಸಲಸಲಕ್ಕೂ ಹೆಚ್ಚುತ್ತಿದ್ದರೆ ಮೋಟಾರು ಹೆಜ್ಜೆ ತಪ್ಪುತ್ತಿರಬಹುದು. ಆಗ $120ರ ಸಾಲಿನ ವೇಗೋತ್ಕರ್ಷವನ್ನೂ $110ರ ಸಾಲಿನ ಗರಿಷ್ಠ ವೇಗವನ್ನೂ ಒಂದಾದ ಮೇಲೆ ಒಂದರಂತೆ ಅರ್ಧಕ್ಕಿಳಿಸಿ ನೋಡಿ. ವೇಗ ಹೆಚ್ಚಿದಂತೆ ಸ್ಟೆಪ್ಪರ್ ಮೋಟಾರಿನ ತಿರುಚುಬಲ ಕುಗ್ಗುತ್ತದೆ. ಇಳಿಸಿದಾಗ ದೋಷ ಮಾಯವಾದರೆ ಕಾರಣ ಸಿಕ್ಕಂತೆ. ಕೆತ್ತುವ ಮೋಟಾರು ಚಾಲೂ ಆದಾಗ ಮಾತ್ರ ಸಂಪರ್ಕ ಕಡಿಯುವುದು ಅಥವಾ ಎಚ್ಚರಿಕೆ ಬರುವುದು ನಡೆದರೆ ಅದು ವಿದ್ಯುತ್ ಗದ್ದಲ. ಮಿತಿ ಸ್ವಿಚ್ಚಿನ ತಂತಿಗಳನ್ನು ಆ ಮೋಟಾರಿನ ತಂತಿಗಳಿಂದ ದೂರ ಸರಿಸಿ ನೋಡಿ. ಕರೆಂಟು ಹೋಗಿ ಬಂದ ಮೇಲೆ ಯಂತ್ರಕ್ಕೆ ತನ್ನ ಸ್ಥಾನ ತಿಳಿದಿರುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮವನ್ನು ಮಾತ್ರ ಮುರಿಯಬೇಡಿ.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಕೋರಿಕೆಯಿದೆ. ಯಂತ್ರದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. $$ ಕೊಟ್ಟ ಸಾಲುಗಳನ್ನು ಮೊದಲ ಪುಟದಲ್ಲಿ ಬರೆಸಿ. ಯಾವ ಸಂಖ್ಯೆ ಬದಲಾದರೂ ದಿನಾಂಕ, ಕಾರಣ, ಅದಕ್ಕೆ ಆಧಾರವಾದ ನಕ್ಷೆ ಮೂರೂ ಅಲ್ಲಿರಲಿ. ನಕ್ಷೆಯಿಲ್ಲದೆ 800ನ್ನು 814.66 ಮಾಡಿದ ವಿದ್ಯಾರ್ಥಿಗೂ ಲೋಲಕದಲ್ಲಿ 980 ತಂದುಕೊಟ್ಟ ವಿದ್ಯಾರ್ಥಿಗೂ ಒಂದೇ ಅಂಕ ಕೊಡಿ. ‘0.18 ಮಿ.ಮೀ. ಸಡಿಲವಿದೆ, ನಟ್ಟು ಬದಲಿಸಬೇಕು’ ಎಂದು ಬರೆದು, ಸಂಖ್ಯೆಯನ್ನು ಮುಟ್ಟದೆ ಬಿಟ್ಟವರಿಗೆ ಪೂರ್ಣ ಅಂಕ ಸಲ್ಲಬೇಕು.