ಮಧುಮೇಹಶಬ್ದದ ವ್ಯಾಪ್ತಿ: ಒಂದು ವಿಮರ್ಶೆ

ಇಂಗ್ಲಿಷಿನ ‘ಡಯಾಬಿಟೀಸ್’ ಶಬ್ದಕ್ಕೆ ಕನ್ನಡದ ವೈದ್ಯಗ್ರಂಥಕಾರರು ‘ಮಧುಮೇಹ’ವನ್ನು ಪರ್ಯಾಯವಾಗಿ ಬಳಸುತ್ತ ಬಂದಿರುವರು. ಶಬ್ದವು ಸುಂದರವಾದರೂ ಅದರ ವ್ಯಾಪ್ತಿಯು ವಿಚಾರಾರ್ಹವಾಗಿದೆ. ಚರಕಸಂಹಿತೆಯು ಪ್ರಮೇಹಗಳನ್ನು 20 ವಿಧವಾಗಿ ಗಣಿಸಿ, ಮಧುಮೇಹವನ್ನು ವಾತಜಗಳಾದ ನಾಲ್ಕರಲ್ಲಿ ಸೇರಿಸಿದೆ. ಉಪೇಕ್ಷಿತವಾದ ಪ್ರಮೇಹಗಳೆಲ್ಲವೂ ಕಾಲಕ್ರಮದಲ್ಲಿ ಮಧುಮೇಹತ್ವವನ್ನು ಹೊಂದುವುವೆಂಬುದು ಸುಶ್ರುತನ ಮತವು. ಆದುದರಿಂದ ಇದು ರೋಗದ ಅಂತ್ಯಾವಸ್ಥೆಯ ಹೆಸರೇ ಹೊರತು ಆರಂಭದ ಹೆಸರಲ್ಲ.

ಆಧುನಿಕರ ದೃಷ್ಟಿಯಾದರೋ ಆರಂಭದ ಮೇಲೆಯೇ ನೆಟ್ಟಿರುವುದು. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ನಿಗೆ ಮಾಂಸಖಂಡ, ಯಕೃತ್ತು ಮೊದಲಾದುವು ಸರಿಯಾಗಿ ಓಗೊಡದಿರುವಾಗ, ಆ ಗ್ರಂಥಿಯು ಅದನ್ನು ಅಧಿಕವಾಗಿ ಸ್ರವಿಸಿ ಅನೇಕ ವರ್ಷಗಳವರೆಗೆ ರಕ್ತದ ಸಕ್ಕರೆಯನ್ನು ಮಿತಿಯಲ್ಲಿಡುವುದು. ಅದು ಸೋತಾಗಲೇ ಸಕ್ಕರೆಯು ಏರುವುದು. ಈ ದೋಷದೊಡನೆ ರಕ್ತದೊತ್ತಡ, ರಕ್ತಗತ ಮೇದಸ್ಸಿನ ವಿಕಾರ ಮೊದಲಾದುವು ಕೂಡಿಬರುವುದನ್ನು 1988ರಲ್ಲಿ ಅಮೆರಿಕದ ರೀವನ್ ಎಂಬ ವೈದ್ಯನು ಒಂದೇ ಲಕ್ಷಣಸಮೂಹವೆಂದು ನಿರೂಪಿಸಿದನು. ಈ ದೋಷಕ್ಕೆ ಬಳಕೆಯಲ್ಲಿರುವ ‘ಇನ್ಸುಲಿನ್ ಪ್ರತಿರೋಧ’ವೆಂಬ ಮಾತು ನಿರ್ದುಷ್ಟವಲ್ಲ. ‘ರೋಗಪ್ರತಿರೋಧ’ವನ್ನು ಗುಣವೆಂದು ಕಲಿತ ಓದುಗನು ಇದನ್ನೂ ಗುಣವೆಂದೇ ಭ್ರಮಿಸುವನಲ್ಲವೆ?

ಸುಶ್ರುತನು ಪ್ರಮೇಹವನ್ನು ಸಹಜ, ಅಪಥ್ಯನಿಮಿತ್ತವೆಂದು ವಿಭಾಗಿಸಿ, ಮೊದಲಿನ ರೋಗಿಯನ್ನು ಕೃಶನೆಂದೂ ಎರಡನೆಯವನನ್ನು ಸ್ಥೂಲನೆಂದೂ ವರ್ಣಿಸಿರುವನು. ಆಧುನಿಕರು ಹೇಳುವುದೆಲ್ಲವೂ ಇದರಲ್ಲಿಯೇ ಅಡಗಿದೆಯೆಂಬ ವಾದವುಂಟು. ಸುಶ್ರುತನ ಸೂಕ್ಷ್ಮದೃಷ್ಟಿಯು ಶ್ಲಾಘ್ಯವೇ ಸರಿ. ವಾದವು ಮಾತ್ರ ನಿಲ್ಲದು. 2004ರಲ್ಲಿ ಪುಣೆಯ ಯಾಜ್ಞಿಕ್, ಲಂಡನ್ನಿನ ಯಡ್ಕಿನ್ ಎಂಬ ವೈದ್ಯರು ತಮ್ಮ ದೇಹಗಳನ್ನೇ ಅಳೆದು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ತಿಳಿಸುವ ಸೂಚಿಯು ಇಬ್ಬರಲ್ಲಿಯೂ 22.3, ಮೇದಸ್ಸಾದರೋ ಯಡ್ಕಿನ್ನರಲ್ಲಿ ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯದವರಲ್ಲಿ ಆ ಸೂಚಿಯು 23ನ್ನು ಮುಟ್ಟಿದಾಗಲೇ ಎಚ್ಚರ ವಹಿಸತಕ್ಕದ್ದೆಂದು ಸೂಚಿಸಿದರು. ಕಣ್ಣಿಗೆ ಕೃಶನಾಗಿ ಒಳಗೆ ಮೇದಸ್ವಿಯಾದ ಇಂತಹವನು ಸುಶ್ರುತನ ಎರಡು ವರ್ಗಗಳಲ್ಲಿ ಯಾವುದಕ್ಕೂ ಸಲ್ಲನು.

ಪರಿಭಾಷೆಯ ಈ ಚರ್ಚೆಯು ಪಂಡಿತರಿಗೆ ಮಾತ್ರ ಸಂಬಂಧಿಸಿದುದಲ್ಲ. ಅಂಕೋಲಾ ತಾಲ್ಲೂಕಿನ ಹಟ್ಟಿಕೇರಿಯಂತಹ ಊರಿನಲ್ಲಿ, ಗದ್ದೆಯ ದುಡಿಮೆಯನ್ನು ಬಿಟ್ಟಮೇಲೂ ತೆಳ್ಳಗಿರುವ ಗೃಹಸ್ಥನು ‘ಸಕ್ಕರೆ ಕಾಯಿಲೆ ದಪ್ಪನಾದವರಿಗೆ’ ಎಂದು ನಂಬಿ ಪರೀಕ್ಷೆಗೆ ಹೋಗದಿದ್ದರೆ, ಅದಕ್ಕೆ ಗ್ರಂಥಕಾರರೂ ಹೊಣೆಗಾರರು. ಅವನ ಸೊಂಟದ ಸುತ್ತಳತೆಯು 90 ಸೆಂಟಿಮೀಟರನ್ನು ಮುಟ್ಟಿದರೆ, ಸ್ತ್ರೀಯರಲ್ಲಿ 80ನ್ನು ಮುಟ್ಟಿದರೆ, ಅದು ಎಚ್ಚರಿಕೆಯೆಂಬುದು 2005ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ದಕ್ಷಿಣ ಏಷ್ಯದವರಿಗೆ ಗೊತ್ತುಪಡಿಸಿದ ಮಿತಿ. ಸಕ್ಕರೆಯೇರಿದ ಅವಸ್ಥೆಗೆ ಮಧುಮೇಹವೆಂಬ ಹೆಸರು ಇರಲಿ. ಪೂರ್ವಾವಸ್ಥೆಯನ್ನು, ಜನರು ಬಲ್ಲ ‘ಅಗ್ನಿಮಾಂದ್ಯ’ದ ಜಾಡಿನಲ್ಲಿ, ‘ಇನ್ಸುಲಿನ್ ಗ್ರಹಣಮಾಂದ್ಯ’ವೆಂದು ಕರೆಯುವುದು ಯುಕ್ತವಾಗಿ ತೋರುವುದು. ಮಾಂದ್ಯವೆಂದೊಡನೆ ಅದು ದೋಷವೆಂಬುದೂ ಪರಿಹಾರಾರ್ಹವೆಂಬುದೂ ಸಾಮಾನ್ಯನಿಗೂ ಹೊಳೆಯುವುದು.