ಹೆಗಲ ಹೊರೆಯೂ ಶಿಲ್ಪಿಯ ಕಣ್ಣೂ

ನೈಜೀರಿಯದ ನಡುನಾಡಿನಲ್ಲಿ, ಇಂದಿನ ರಾಜಧಾನಿ ಅಬುಜದ ಸುತ್ತಮುತ್ತ, ಗ್ಬಾಗಿ ಎಂಬ ಜನರಿದ್ದಾರೆ. ಅವರ ಹೆಂಗಸರು ನೀರನ್ನಾಗಲಿ ಸೌದೆಯನ್ನಾಗಲಿ ಹೊರುವುದು ವಾಡಿಕೆಯಾಗಿ ಹೆಗಲ ಮೇಲೆ, ತಲೆಯ ಮೇಲಲ್ಲ. ತಲೆ ವಿವೇಕದ ನೆಲೆ, ಅದಕ್ಕೆ ಭಾರ ಹೇರಬಾರದೆಂಬುದು ಅವರ ಭಾವನೆ. ಶಿಲ್ಪಿಗೆ ಇಂಥ ವಸ್ತು ಪ್ರಿಯವಾಗುವುದು ಸಹಜವೇ. ಆದರೆ ವಸ್ತು ಸಿಕ್ಕಿದ ಮಾತ್ರಕ್ಕೆ ಶಿಲ್ಪ ಸಿಕ್ಕಿತೆ?

ತಲೆಹೊರೆ ದೇಹವನ್ನು ಕಂಬದಂತೆ ನೆಟ್ಟಗೆ ನಿಲ್ಲಿಸುತ್ತದೆ. ಹೆಗಲ ಹೊರೆ ಹಾಗಲ್ಲ. ಭಾರ ಒಂದು ಕಡೆಗೆ ಬಿದ್ದೊಡನೆ ಕೊರಳು ವಾಲುತ್ತದೆ, ಸೊಂಟ ಎದುರು ದಿಕ್ಕಿಗೆ ಸರಿಯುತ್ತದೆ, ತೋಳು ಮೇಲೆದ್ದು ಹೊರೆಯನ್ನು ಹಿಡಿಯುತ್ತದೆ. ಶಿಲ್ಪಿ ಹಿಡಿಯಬೇಕಾದದ್ದು ಈ ಸಮತೂಕವನ್ನು. ಅದನ್ನು ಬಿಟ್ಟು ಮಡಕೆ, ಉಡುಗೆ, ಚಿತ್ತಾರಗಳನ್ನು ಜೋಡಿಸಿದರೆ ದೊರೆಯುವುದು ಪ್ರವಾಸಿಯ ಕಪಾಟಿಗೆ ಒಪ್ಪುವ ಗೊಂಬೆ.

ನನ್ನ ಮಾತಿಗೆ ಸಾಕ್ಷಿ ಲಾಡಿ ಕ್ವಾಲಿ. ಕ್ವಾಲಿ ಗ್ರಾಮದ ಈ ಕುಂಬಾರಗಿತ್ತಿ ತಿಗರಿಯನ್ನು ಬಳಸದೆ, ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಏರಿಸಿ, ತಾವೇ ಗಡಿಗೆಯ ಸುತ್ತ ನಡೆಯುತ್ತ ಅದನ್ನು ಬೆಳೆಸುತ್ತಿದ್ದರು. ಮೈಮೇಲೆ ಹಲ್ಲಿ, ಚೇಳು, ಮೀನುಗಳನ್ನು ಗೀರುತ್ತಿದ್ದರು. ಮಡಕೆಗೆ ಕಂಠ, ಹೊಟ್ಟೆ ಎಂದು ಕನ್ನಡದಲ್ಲಿ ನಾವು ಹೇಳುವುದಿಲ್ಲವೆ? ಆ ಮಾತಿನ ಪೂರ್ಣಾರ್ಥ ಅವರ ಗಡಿಗೆಗಳಲ್ಲಿದೆ. ಅವು ಹೆಣ್ಣಿನ ಚಿತ್ರವಲ್ಲ, ಆದರೂ ದೇಹದ ತುಂಬುತನ ಅವುಗಳಲ್ಲಿ ನಿಂತಿದೆ.

1954ರಲ್ಲಿ ಅವರು ಇಂಗ್ಲಿಷ್ ಕುಂಬಾರ ಮೈಕೆಲ್ ಕಾರ್ಡ್ಯೂ ನಡೆಸುತ್ತಿದ್ದ ತರಬೇತಿ ಕೇಂದ್ರವನ್ನು ಸೇರಿದರು. ಆಗ ಅಬುಜ ಎನ್ನಿಸಿಕೊಳ್ಳುತ್ತಿದ್ದ ಆ ಊರು ಈಗಿನ ಸುಲೇಜ. ಅಲ್ಲಿ ಅವರ ಗಡಿಗೆಗಳಿಗೆ ಗಾಜಿನ ಹೊಳಪು ಬಂತು, ಹೊರದೇಶಗಳಲ್ಲಿ ಕೀರ್ತಿಯೂ ಬಂತು. ಹಳ್ಳಿಯ ಗಡಿಗೆ ಬೆವರಿ ನೀರನ್ನು ತಂಪು ಮಾಡುತ್ತಿತ್ತು. ಹೊಳಪಿನ ಗಡಿಗೆ ಬೆವರದು. ಬಳಕೆಯ ವಸ್ತು ನೋಟದ ವಸ್ತುವಾದದ್ದು ಲಾಭವೂ ಹೌದು, ನಷ್ಟವೂ ಹೌದು.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. 1976ರಲ್ಲಿ ಹೊಸ ರಾಜಧಾನಿಗೆಂದು ಸರ್ಕಾರ ಆರಿಸಿಕೊಂಡ ಪ್ರದೇಶದಲ್ಲಿ ಗ್ಬಾಗಿಗಳ ಊರುಗಳಿದ್ದವು. ಅನೇಕರು ಹೊಲ ಮನೆ ಬಿಟ್ಟೇಳಬೇಕಾಯಿತು. 1984ರಲ್ಲಿ ತೀರಿಕೊಂಡ ಲಾಡಿ ಕ್ವಾಲಿಯವರ ಚಿತ್ರ ಮುಂದೆ 2007ರಲ್ಲಿ 20 ನೈರಾ ನೋಟಿನ ಹಿಂಬದಿಗೆ ಬಂತು. ನೆಲ ಬಿಟ್ಟವರ ಮಗಳು ನಾಡಿನ ಲಾಂಛನವಾದರು! ಗೌರವ ಸಲ್ಲಬೇಕಾದದ್ದೇ, ಆದರೆ ಲಾಂಛನದಿಂದ ಹೊಲ ಹಿಂತಿರುಗುವುದಿಲ್ಲ.

ಆದ್ದರಿಂದ ಗ್ಬಾಗಿ ಹೆಣ್ಣನ್ನು ಕಂಚಿನಲ್ಲೋ ಸಿಮೆಂಟಿನಲ್ಲೋ ನಿಲ್ಲಿಸುವ ಕಲಾವಿದ ಆಕೆಯ ಚೆಲುವನ್ನಷ್ಟೇ ಕಂಡರೆ ಸಾಲದು. ಆ ಹೊರೆಗೆ ಎಷ್ಟು ತೂಕ, ಅದನ್ನು ಹೊತ್ತವಳು ಯಾವ ನೆಲದ ಮೇಲೆ ನಿಂತಿದ್ದಾಳೆ ಎಂಬುದೂ ಪ್ರತಿಮೆಯಲ್ಲಿ ಕಾಣಬೇಕು.