ವಿಡಿಯೋ ಆಟಗಳ ಪ್ರಕಾರ-ವಿವೇಚನೆ

ಹತ್ತನೆಯ ಶತಮಾನದ ಧನಂಜಯನು ತನ್ನ ‘ದಶರೂಪಕ’ದಲ್ಲಿ ವಸ್ತು, ನೇತೃ, ರಸ ಎಂಬ ಮೂರನ್ನು ರೂಪಕಗಳ ಭೇದಕಗಳೆಂದು ಎಣಿಸಿದನು. ಅಳತೆಗೋಲು ಯಾವುದೆಂದು ಸ್ಪಷ್ಟವಾಗಿ ಹೇಳಿಕೊಂಡುದೇ ಆ ವಿಂಗಡಣೆಯ ಹಿರಿಮೆ. ಇಂದು ಬಳಕೆಯಲ್ಲಿರುವ ವಿಡಿಯೋ ಆಟಗಳ ವಿಭಾಗಗಳಲ್ಲಿ ಈ ಶಿಸ್ತು ಕಾಣದು. ‘ಶೂಟರ್’ ಎಂಬುದು ಆಟಗಾರನ ಕ್ರಿಯೆಯಿಂದ ಬಂದ ಹೆಸರು. ‘ಹಾರರ್’ ಎಂಬುದು ಭಾವದಿಂದ ಬಂದುದು. ‘ರೋಗ್‌ಲೈಕ್’ ಎಂಬುದಾದರೋ 1980ರ ‘ರೋಗ್’ ಎಂಬ ಆಟದ ಹೋಲಿಕೆಯಿಂದ ಹುಟ್ಟಿದುದು. ಒಂದೇ ಪಟ್ಟಿಯಲ್ಲಿ ಮೂರು ಅಳತೆಗೋಲುಗಳು ಬೆರೆತಿವೆ.

ಹಾಗಾದರೆ ಯಾವುದನ್ನು ಹಿಡಿಯಬೇಕು? 1984ರಲ್ಲಿ ಮಾಸ್ಕೋದಲ್ಲಿ ರಚಿತವಾದ ‘ಟೆಟ್ರಿಸ್’ನಲ್ಲಿ ಕಥೆಯಿಲ್ಲ, ನಾಯಕನಿಲ್ಲ, ಬೀಳುವ ತುಂಡುಗಳನ್ನು ಜೋಡಿಸುವ ಕೆಲಸವಷ್ಟೇ ಇದೆ. ನಾಟಕದ ಪ್ರೇಕ್ಷಕನು ನೋಡುತ್ತಾನೆ, ಆಟಗಾರನು ಮಾಡುತ್ತಾನೆ. ಆದುದರಿಂದ 2001ರಲ್ಲಿ ಮಾರ್ಕ್ ವುಲ್ಫ್ ಅವರು ಆಟಗಾರನ ಕ್ರಿಯೆಯನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು 40ಕ್ಕೂ ಹೆಚ್ಚು ಪ್ರಕಾರಗಳನ್ನು ಹೇಳಿದುದು ಯುಕ್ತವೇ ಆಗಿದೆ.

ಹೋಲಿಕೆಯ ಹೆಸರುಗಳು ತಾತ್ಕಾಲಿಕವೆಂದು ತೋರಬಹುದು. ಬ್ಯಾಂಕಿನಲ್ಲಿ ಯಾರದೆಂದು ತಿಳಿಯದ ಮೊತ್ತವನ್ನು ಸಸ್ಪೆನ್ಸ್ ಖಾತೆಯಲ್ಲಿರಿಸಿ, ಗೊತ್ತಾದೊಡನೆ ತಕ್ಕ ಖಾತೆಗೆ ವರ್ಗಾಯಿಸುತ್ತೇವೆ. 1993ರ ‘ಡೂಮ್’ನ ಅನುಯಾಯಿಗಳಿಗೂ ಹೀಗೆಯೇ ಆಯಿತು. ಮೊದಲು ‘ಡೂಮ್‌ನ ನಕಲು’ಗಳೆನಿಸಿದ್ದ ಆಟಗಳು ಬರಬರುತ್ತ ‘ಫಸ್ಟ್ ಪರ್ಸನ್ ಶೂಟರ್’ ಎಂಬ ಸ್ವಂತ ಹೆಸರನ್ನು ಪಡೆದವು. ‘ರೋಗ್‌ಲೈಕ್’ ಮಾತ್ರ ಇಂದಿಗೂ ಅದೇ ಖಾತೆಯಲ್ಲಿದೆ.

ಕಾರಣವನ್ನು ವಿಚಾರಿಸಬೇಕು. 2008ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಆಸಕ್ತರು ಈ ಪ್ರಕಾರದ ಲಕ್ಷಣಗಳನ್ನು ಪಟ್ಟಿಮಾಡಿದರು: ಪ್ರತಿಸಲವೂ ಹೊಸದಾಗಿ ರಚನೆಗೊಳ್ಳುವ ಲೋಕ, ಮರಳಿ ಬಾರದ ಸಾವು, ಸರದಿಯಂತೆ ನಡೆಯುವ ಚಲನೆ ಮೊದಲಾದುವು. ಒಂದೆರಡು ಲಕ್ಷಣ ತಪ್ಪಿದ ಮಾತ್ರಕ್ಕೆ ಆಟವು ಹೊರಗಾಗದೆಂಬ ಔದಾರ್ಯವೂ ಅವರಲ್ಲಿತ್ತು. ಅದೇ ವರ್ಷ ಬಂದ ‘ಸ್ಪೆಲಂಕಿ’ಯಲ್ಲಿ ಮೊದಲಿನ ಎರಡು ಲಕ್ಷಣಗಳಿವೆ, ಮೂರನೆಯದಿಲ್ಲ. ಅಲ್ಲಿ ಆಟಗಾರನು ಎಡೆಬಿಡದೆ ಓಡಬೇಕು, ನೆಗೆಯಬೇಕು.

ಬೆರಳುಗಳ ಕ್ರಿಯೆಯನ್ನಷ್ಟೇ ನೋಡಿದರೆ ‘ಸ್ಪೆಲಂಕಿ’ಯು ‘ಮಾರಿಯೋ’ವಿನ ಮನೆಯದಾಗುತ್ತದೆ. ಆದರೆ ಒಮ್ಮೆ ಸತ್ತರೆ ಕೈಯಲ್ಲಿದ್ದ ಸಲಕರಣೆಗಳೆಲ್ಲ ಹೋಗುತ್ತವೆ. ಕಲಿತ ವಿವೇಕವೊಂದೇ ಉಳಿಯುತ್ತದೆ. ಪ್ರತಿ ಹೆಜ್ಜೆಗೂ ಭಾರವನ್ನು ಕೊಡುವುದು ಈ ನಷ್ಟದ ಅರಿವು. ಇದನ್ನು ‘ರೋಗ್’ನ ಹೆಸರು ಕಾಪಾಡಿತು, ಕ್ರಿಯೆಯ ಹೆಸರು ಕಾಪಾಡಲಾರದೆ ಹೋಯಿತು.

ಆದಕಾರಣ ಕ್ರಿಯೆಯೆಂಬ ಅಳತೆಗೋಲನ್ನು ಬಿಡಬೇಕಾಗಿಲ್ಲ, ವಿಸ್ತರಿಸಬೇಕಾಗಿದೆ. ಆಟಗಾರನು ಏನು ಮಾಡುತ್ತಾನೆಂಬುದರೊಡನೆ, ಸೋತಾಗ ಏನನ್ನು ಕಳೆದುಕೊಳ್ಳುತ್ತಾನೆಂಬುದನ್ನೂ ಎಣಿಸಬೇಕು. ಲಕ್ಷ್ಯವನ್ನು ಕಂಡು ಲಕ್ಷಣವನ್ನು ಹೇಳುವುದು ನಮ್ಮ ಪ್ರಾಚೀನರ ಮಾರ್ಗ. ಹೊಸ ಕಲೆಗೂ ಆ ಮಾರ್ಗವೇ ಸಲ್ಲುವುದು.